ಪ್ರ: ನರ್ಸ್ ಹೆಸರಿಗೆ ಬರೆದ ಉಯಿಲು ನಿಲ್ಲುತ್ತದಾ?

ನಿಮ್ಮ ಪತ್ತೇದಾರಿ ಕಥೆ 1932ರ ಇಂಗ್ಲಿಷ್ ಹಳ್ಳಿಯದು. ತಿಕ್ಕಲು ಮನೆತನದ ವಿಧುರ ಯಜಮಾನ ಮೂವರು ಮಕ್ಕಳಿಗೆ ಚಿಕ್ಕಾಸೂ ಇಡದೆ ಎಲ್ಲವನ್ನೂ ನರ್ಸ್‌ಗೆ ಬರೆದಿದ್ದಾನೆ. ಸಾಕ್ಷಿ ಹಾಕಿದವರು ತೋಟದ ಮಾಲಿ ಮತ್ತು ನರ್ಸ್‌ಳ ಗಂಡ. ಉಯಿಲು ನಿಲ್ಲುತ್ತದೆ ಸಾರ್, ಆದರೆ ನರ್ಸ್ ಕೈಗೆ ಏನೂ ಬರುವುದಿಲ್ಲ!

1837ರ ವಿಲ್ಸ್ ಆಕ್ಟ್ ಪ್ರಕಾರ, ಬರೆದವನು ಸಹಿ ಮಾಡುವಾಗ ಇಬ್ಬರು ಸಾಕ್ಷಿಗಳು ಒಟ್ಟಿಗೆ ಎದುರಿಗಿರಬೇಕು. ಸಾಕ್ಷಿಗೋ ಸಾಕ್ಷಿಯ ಗಂಡ ಅಥವಾ ಹೆಂಡತಿಗೋ ಬರೆದ ಪಾಲು ರದ್ದು. ಬೇರೆ ಯಾರ ಹೆಸರೂ ಇಲ್ಲದ್ದರಿಂದ ಆಸ್ತಿ ಮಕ್ಕಳಿಗೇ. ಅಂದರೆ ಕೊಲೆಯ ಕಾರಣ ಉಯಿಲಲ್ಲ, ಅದರ ತಪ್ಪು: ಸಾಲಿಸಿಟರ್ ಅದನ್ನು ಕಂಡು ಹೊಸದಾಗಿ ಬರೆಸುವ ಮೊದಲೇ ಅಪ್ಪ ಸಾಯಬೇಕು. ಈ ಕಾನೂನು ಗೊತ್ತಿದ್ದ ಮಗ ಯಾರು ಎಂಬುದೇ ಒಳ್ಳೆಯ ಸುಳಿವು.

ಕೊಂದವನಿಗೆ ಪಾಲಿಲ್ಲ. ಹಾಗಾಗಿ ಮಕ್ಕಳಿಲ್ಲದ ತಮ್ಮನ ಮೇಲೆ ಗೂಬೆ ಕೂರಿಸಿದರೆ ಉಳಿದಿಬ್ಬರಿಗೆ ಲಾಭ.

ಮುದುಕ ಮರುಮದುವೆಯಾದರೆ ಹಳೇ ಉಯಿಲು ತಾನಾಗಿಯೇ ಬಿದ್ದುಹೋಗುತ್ತದೆ (ಅದೇ ಮದುವೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದಾದರೆ ಬೇರೆ ಮಾತು). ನಮ್ಮಲ್ಲಿ ಹಿಂದೂಗಳ ಉಯಿಲಿಗೆ ಈ ನಿಯಮವಿಲ್ಲ, ಕನ್ನಡ ಓದುಗರಿಗೆ ಒಂದು ಸಾಲಿನಲ್ಲಿ ಹೇಳಿಬಿಡಿ.

ಕಾಲವನ್ನು ಮಾತ್ರ 1939ರ ಜುಲೈ ಆಚೆಗೆ ಒಯ್ಯಬೇಡಿ. ಆಗ ಜಾರಿಗೆ ಬಂದ ಕಾಯ್ದೆಯಡಿ ಮದುವೆಯಾಗದ ಮಗಳು ಜೀವನಾಂಶಕ್ಕೆ ಕೋರ್ಟಿಗೆ ಹೋಗಬಹುದು, ಕಥೆಯ ಬಿಗಿ ಸಡಿಲವಾಗುತ್ತದೆ.