ನಳಿಕೆ ತೂರಿಸದೆ ಹೃದಯದ ರಕ್ತನಾಳ ಕಿರಿದಾಗಿರುವುದು ಸಿಟಿ ಆಂಜಿಯೋಗ್ರಾಮ್‌ನಲ್ಲಿ ಹೇಗೆ ಕಾಣುತ್ತದೆ?

ಸಿಟಿ ಆಂಜಿಯೋಗ್ರಾಮ್ ಎಂದರೆ ಎಕ್ಸ್‌-ರೇ ಕಿರಣಗಳಿಂದ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ. ತೋಳಿನ ರಕ್ತನಾಳಕ್ಕೆ ಚುಚ್ಚಿದ ಅಯೋಡಿನ್ ದ್ರಾವಣವು ಹೃದಯದ ನಾಳಗಳನ್ನು ತಲುಪಿ ಎಕ್ಸ್‌-ರೇ ಕಿರಣಗಳನ್ನು ಹೀರಿಕೊಳ್ಳುವುದರಿಂದ, ರಕ್ತ ಹರಿಯುವ ದಾರಿ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ಕೊಬ್ಬು ಕಟ್ಟಿಕೊಂಡ ಕಡೆ ಆ ಬಿಳಿ ಗೆರೆ ಸಣ್ಣದಾಗುತ್ತದೆ. ನಿಜವಾದ ಕಷ್ಟವೆಂದರೆ, ಈ ನಾಳಗಳು ಕೆಲವೇ ಮಿಲಿಮೀಟರ್ ಅಗಲದವು, ಅವನ್ನು ಹೊತ್ತ ಹೃದಯವೋ ಬಡಿಯುತ್ತಲೇ ಇರುತ್ತದೆ. ಆದ್ದರಿಂದ ಎದೆಗೆ ಹೃದಯದ ಬಡಿತವನ್ನು ದಾಖಲಿಸುವ ಇಸಿಜಿ ತಂತಿಗಳನ್ನು ಅಂಟಿಸಿ, ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡು ಹೆಚ್ಚುಕಡಿಮೆ ಸ್ತಬ್ಧವಾಗಿರುವ ಗಳಿಗೆಯ ಚಿತ್ರವನ್ನೇ ಆರಿಸಿಕೊಳ್ಳುತ್ತಾರೆ. ಆ ಬಿಡುವು ದೀರ್ಘವಾಗಲೆಂದೇ ನಾಡಿಯನ್ನು ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಸುವ ಮಾತ್ರೆಯನ್ನು ಮೊದಲೇ ಕೊಡುವುದುಂಟು. ನಾಳಗಳು ಸ್ವಚ್ಛವಾಗಿವೆ ಎಂಬ ವರದಿಯನ್ನು ಬಹುಮಟ್ಟಿಗೆ ನಂಬಬಹುದು. ಆದರೆ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿ ಕೂತಿದ್ದರೆ ಅದೂ ಬೆಳ್ಳಗೆ ಹರಡಿಕೊಂಡು, ಅಡಚಣೆಯು ಇದ್ದುದಕ್ಕಿಂತ ಹೆಚ್ಚಾಗಿ ತೋರಬಹುದು.