ತರಬೇತಿಗೆ ಬಂದವರ ಕೈಗೆ ಒಂದು ನಮೂನೆ ಕೊಡಿ

(ಇತಿಹಾಸ ಪಾಠದ ಬಗ್ಗೆ ಓದುಗರ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ಶಿಕ್ಷಕರೊಬ್ಬರ ಉತ್ತರ)

ಪ್ರಶ್ನೆ: ತಾಲೂಕಿನ ಇತಿಹಾಸ ಶಿಕ್ಷಕರಿಗೆ ಒಂದು ದಿನದ ತರಬೇತಿ ನಡೆಸುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ವಲಸೆಯ ಪಾಠಕ್ಕೆ ಮೂಲ ಆಧಾರಗಳ ಬಳಕೆ ಎಂಬುದು ವಿಷಯ. ನಾನು ಕುಳಿತು ಬಂದ ತರಬೇತಿಗಳಲ್ಲಿ ಪರದೆಯ ಮೇಲೆ ಸರಿದುಹೋದ ಅಕ್ಷರ, ಮಧ್ಯಾಹ್ನದ ಊಟ ಬಿಟ್ಟರೆ ಏನೂ ನೆನಪಿಲ್ಲ. ಎಲ್ಲಿಂದ ಆರಂಭಿಸಲಿ?
– ಪ್ರೌಢಶಾಲಾ ಶಿಕ್ಷಕಿ, ಇಂಡಿ

ಉತ್ತರ: ಅಕ್ಕಾವರೇ, ಮೊದಲು ಪ್ರೊಜೆಕ್ಟರಿನ ವೈರು ಕಿತ್ತಿಡಿ. ಮೂಲ ಆಧಾರ ಎಂದರೇನು ಎಂಬ ವ್ಯಾಖ್ಯೆಯೂ ಬೇಡ, ಬಿ.ಇಡಿ.ಯಲ್ಲಿ ಎಲ್ಲರೂ ಅದನ್ನು ಬಾಯಿಪಾಠ ಮಾಡಿದವರೇ. ಬಂದವರಿಗೆಲ್ಲ ಒಂದೊಂದು ಖಾಲಿ ನಮೂನೆ ಹಂಚಿ. ಕಲಮುಗಳು ಇಷ್ಟೇ: ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು. ತಮ್ಮ ತಮ್ಮ ವಿವರ ತುಂಬಲಿ. ಗೋಡೆಗೆ ನಿಂತು ಎತ್ತರ ಅಳೆದುಕೊಳ್ಳಲಿ, ಹಣೆಯ ಗಾಯದ ಕಲೆ ಹುಡುಕಲಿ, ನಗಲಿ.

ನಗು ಮುಗಿದ ಮೇಲೆ ತಿಳಿಸಿ: ಕಲ್ಕತ್ತೆ ಬಂದರಿನಿಂದ ಫಿಜಿ, ದಕ್ಷಿಣ ಆಫ್ರಿಕಾದ ನೇಟಾಲ್‌ಗಳ ಕಬ್ಬಿನ ತೋಟಗಳಿಗೆ ಹಡಗು ಹತ್ತಿದ ಕರಾರು ಕೂಲಿಗಳ ರಹದಾರಿ ಪತ್ರದಲ್ಲಿ ಇದ್ದದ್ದು ಈ ಕಲಮುಗಳೇ. ಅಂಥವರ ಮೊದಲ ಹಡಗು ಫಿಜಿ ಮುಟ್ಟಿದ್ದು 1879ರಲ್ಲಿ. ಈಗ ಒಂದೇ ಪ್ರಶ್ನೆ ಕೇಳಿ, ಈ ಕಾಗದದಲ್ಲಿ ಏನಿಲ್ಲ? ತುಸು ಹೊತ್ತಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಊರು ಏಕೆ ಬಿಟ್ಟೆ ಎಂದು ಎಲ್ಲಿಯೂ ಕೇಳಿಲ್ಲ. ಸಾಲವೋ, ಬರವೋ, ದಲ್ಲಾಳಿಯ ಬಣ್ಣದ ಮಾತೋ, ಬರೆಯಲು ಜಾಗವಿಲ್ಲ. ಆಳು ಗಟ್ಟಿಮುಟ್ಟಾಗಿದ್ದಾನೆ ಎಂಬ ಡಾಕ್ಟರರ ರುಜು ಮಾತ್ರ ಇದೆ. ದಾಖಲೆ ಯಾರಿಗಾಗಿ ಹುಟ್ಟಿತು ಎಂಬುದನ್ನು ಅದರ ಕಲಮುಗಳೇ ಹೇಳುತ್ತವೆ. ಇದನ್ನು ಕಂಡುಕೊಂಡ ಶಿಕ್ಷಕನಿಗೆ ಉಪನ್ಯಾಸ ಬೇಕಿಲ್ಲ.

ಎರಡನೆಯ ಅವಧಿಗೆ ನಮ್ಮ ನೆಲಕ್ಕೇ ಬನ್ನಿ. ಆಗ ಈ ಸೀಮೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. ಜನಗಣತಿಯ ಅಂಕಿಗಳನ್ನು ಹಲಗೆಯ ಮೇಲೆ ಬರೆಯಿರಿ: 1872ರಲ್ಲಿ ಸುಮಾರು 8.16 ಲಕ್ಷ, 1881ರಲ್ಲಿ 6.38 ಲಕ್ಷ. ನಡುವೆ 1876–78ರ ಬರ. ‘ಅಷ್ಟೂ ಜನ ಸತ್ತರು’ ಎಂಬ ಉತ್ತರ ತಟ್ಟನೆ ಬರುತ್ತದೆ. ತಡೆಯಿರಿ, 1891ರ ಅಂಕಿಯನ್ನೂ ಬರೆಯಿರಿ: 8 ಲಕ್ಷದ ಸಮೀಪ. ಹತ್ತು ವರ್ಷದಲ್ಲಿ ಒಂದೂವರೆ ಲಕ್ಷ ಏರಿದ್ದು ಬರೀ ತೊಟ್ಟಿಲಿನಿಂದಲೇ? ಗುಳೆ ಹೋದವರು ಮರಳಿದ್ದರೇ? ಕೋಷ್ಟಕ ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ಆ ಅನುಮಾನವನ್ನು ಹಾಗೆಯೇ ತರಗತಿಗೆ ಒಯ್ಯಲು ಹೇಳಿ. ದಿನಕ್ಕೆ ಇವೆರಡೇ ಸಾಕು. ಇಪ್ಪತ್ತು ದಾಖಲೆ ತೋರಿಸಿದರೆ ಫೈಲು ದಪ್ಪವಾಗುತ್ತದೆ, ಅಷ್ಟೇ.

ಪ್ರಶ್ನೆ: ಹೊರನಾಡಿನಿಂದ ಇಲ್ಲಿಗೆ ಬಂದವರ ಬಗ್ಗೆ ಮಕ್ಕಳು ಮುಟ್ಟಿ ನೋಡುವಂಥ ಆಧಾರ ಇದೆಯೇ?
– ಶಿಕ್ಷಕ, ವಿಜಯಪುರ

ಉತ್ತರ: ಊರಲ್ಲೇ ಇದ್ದೀರಿ, ಬುರುಜು ಹತ್ತಿ. ಮಲಿಕ್-ಎ-ಮೈದಾನ್ ತೋಪಿನ ಬಾಯಲ್ಲಿ ಸಿಕ್ಕ ಆನೆಯನ್ನು ನೋಡಿ ಮಕ್ಕಳು ಇಳಿದುಬಿಡುತ್ತಾರೆ, ಬರಹ ನೋಡುವುದಿಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಇದನ್ನು ಎರಕ ಹೊಯ್ದವನು ಮುಹಮ್ಮದ್ ರೂಮಿ. ರೂಮ್ ಎಂದರೆ ಅಟೊಮನ್ ತುರ್ಕರ ನಾಡು, ಅದರ ಗುರುತು ಅವನ ಹೆಸರಿನಲ್ಲೇ ಇದೆ. ಬಂದವನು ಅವನೋ, ಅವನ ಹಿರಿಯರೋ ಎಂದು ಹೆಸರೊಂದರಿಂದಲೇ ಹೇಳಲಾಗದು ಎಂಬುದನ್ನೂ ಮಕ್ಕಳಿಗೆ ಹೇಳಿ. 1686ರಲ್ಲಿ ಊರು ಗೆದ್ದ ಔರಂಗಜೇಬ್ ಅದೇ ತೋಪಿನ ಮೇಲೆ ತನ್ನ ಗೆಲುವನ್ನೂ ಕೆತ್ತಿಸಿದ. ಕುಶಲಕರ್ಮಿಯದೊಂದು ಬರಹ, ಬಾದಶಹನದೊಂದು. ಯಾರು ಏನನ್ನು ನೆನಪಿಡಿಸಲು ಬಯಸಿದರು ಎಂದು ಅಲ್ಲಿಯೇ ನಿಂತು ಕೇಳಬಹುದು.

ಪ್ರಶ್ನೆ: ನನ್ನ ತರಗತಿಯಲ್ಲಿ ಕಬ್ಬು ಕಡಿಯಲು, ಗೋವೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಮಕ್ಕಳಿದ್ದಾರೆ. ಅವರಿಂದಲೇ ಹೇಳಿಸಿದರೆ ಪಾಠಕ್ಕೆ ಜೀವ ಬರುವುದಿಲ್ಲವೇ?
– ಶಿಕ್ಷಕ, ಬಸವನ ಬಾಗೇವಾಡಿ

ಉತ್ತರ: ಬರುತ್ತದೆ, ಆ ಮಗುವಿನ ಮಾನ ಹೋಗುತ್ತದೆ. ಎಬ್ಬಿಸಿ ನಿಲ್ಲಿಸಬೇಡಿ. ತಾನಾಗಿಯೇ ಹೇಳಿದರೆ ಕೇಳಿ, ಕೆದಕಬೇಡಿ.

ನಿಮ್ಮ ಕಡೆ ಆಲಮಟ್ಟಿಯ ಹಿನ್ನೀರಿನಿಂದ ಊರು ಬಿಟ್ಟ ಹಿರಿಯರಿದ್ದಾರೆ. ಅವರ ಒಪ್ಪಿಗೆ ಪಡೆದು, ಮನೆಯ ಟ್ರಂಕಿನಲ್ಲಿರುವ ಮುಳುಗಡೆಯ ನೋಟೀಸಿನ ನಕಲು ಕೇಳಿ. ಸರ್ವೆ ನಂಬರು, ಎಕರೆ, ಗುಂಟೆ, ಬಾವಿ, ಮರ, ಎಲ್ಲಕ್ಕೂ ಬೆಲೆ ಕಟ್ಟಿದ ಕಾಗದ ಅದು. ಆಮೇಲೆ ಹಿರಿಯರನ್ನೇ ಶಾಲೆಗೆ ಕರೆಸಿ, ಲೆಕ್ಕಕ್ಕೆ ಸಿಗದೆ ಉಳಿದದ್ದೇನು ಎಂದು ಮಕ್ಕಳಿಂದ ಕೇಳಿಸಿ. ಕೇಳಿದ ದಿನಾಂಕ, ಕೇಳಿದವರ ಹೆಸರು ವಹಿಯಲ್ಲಿರಲಿ. ಬಾಯಿಮಾತು ದಾಖಲೆಯಾಗುವುದು ಹಾಗೆಯೇ. ಒಂದು ಎಚ್ಚರ: ಅಣೆಕಟ್ಟೆಯ ನೀರಿನ ಮಟ್ಟವನ್ನು (ಸಮುದ್ರಮಟ್ಟದಿಂದ ಅಳೆದಂತೆ) 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಹಳೆಯದಾದರೂ ತಣ್ಣಗಾಗಿಲ್ಲ, ಪರಿಹಾರದ ಮೊಕದ್ದಮೆಗಳೂ ಇವೆ. ಝೆರಾಕ್ಸ್ ಹಂಚುವ ಮೊದಲು ಹೆಸರು, ಸರ್ವೆ ನಂಬರಿನ ಮೇಲೆ ಕಾಗದದ ಪಟ್ಟಿ ಅಂಟಿಸಿ.