ಹಿಮದ ಮೇಲೆ ಓಡುವ ಸ್ನೋಮೊಬೈಲ್‌ನ ಡ್ರೈವ್ ಬೇರಿಂಗ್ ಸವೆದಿದೆಯೇ ಎಂದು ತಿಳಿಯುವುದು ಹೇಗೆ? ಅದನ್ನು ನಾನೇ ಬದಲಿಸಬಹುದೇ?

ವೇಗ ಹೆಚ್ಚಿದಂತೆ ಟ್ರ್ಯಾಕ್ (ಯಂತ್ರವನ್ನು ಮುಂದಕ್ಕೆ ತಳ್ಳುವ ಅಗಲದ ರಬ್ಬರ್ ಪಟ್ಟಿ) ಕಡೆಯಿಂದ ಗೊರಗೊರ ಸದ್ದು ಏರುತ್ತದೆ, ಎಂಜಿನ್ ಆರಿಸಿ ಇಳಿಜಾರಿನಲ್ಲಿ ಜಾರಿಕೊಂಡು ಬರುವಾಗಲೂ ಅದು ನಿಲ್ಲುವುದಿಲ್ಲ ಎಂದಿದ್ದೀರಿ. ಎರಡನೆಯ ಮಾತೇ ನಿಮಗೆ ಅರ್ಧ ಉತ್ತರ. ಎಂಜಿನ್ ನಿಂತ ಮೇಲೂ ಉಳಿಯುವ ಸದ್ದು ಟ್ರ್ಯಾಕ್ ಜೊತೆ ತಿರುಗುವ ಯಾವುದೋ ಭಾಗದ್ದು. ಆದರೆ ಅಂಥ ಭಾಗಗಳು ಹಲವು: ಟ್ರ್ಯಾಕನ್ನು ಎಳೆಯುವ ಡ್ರೈವ್ ಶಾಫ್ಟ್‌ನ ಎರಡು ತುದಿಯ ಬೇರಿಂಗ್‌ಗಳು, ಅದರ ಮೇಲಿದ್ದು ಕ್ಲಚ್‌ನ ಬಲವನ್ನು ಚೈನ್ ಮೂಲಕ ಅದಕ್ಕೆ ದಾಟಿಸುವ ಜ್ಯಾಕ್ ಶಾಫ್ಟ್‌ನ ಬೇರಿಂಗ್‌ಗಳು, ಸಸ್ಪೆನ್ಷನ್‌ನ ಸಣ್ಣ ಚಕ್ರಗಳು. ಈ ಸಣ್ಣ ಚಕ್ರಗಳನ್ನು ಮೊದಲು ನೋಡಿ. ನೀರು, ಕೆಸರು, ಮಂಜುಗಡ್ಡೆಗಳಲ್ಲೇ ಉರುಳುವ ಅವುಗಳ ಬೇರಿಂಗ್ ಬೇಗ ಹಾಳಾಗುತ್ತದೆ, ಬದಲಿಸುವುದೂ ಸುಲಭ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಬಾರಿ ಇಂಥದೇ ಸದ್ದು ಬಂದಾಗ ನಾನು ಏನನ್ನೂ ಪರೀಕ್ಷಿಸದೆ ಡ್ರೈವ್ ಶಾಫ್ಟ್‌ನ ಎಡತುದಿಯ ಬೇರಿಂಗ್ ಬದಲಿಸಿದೆ. ಎರಡು ದಿನದ ಕೆಲಸ. ಸದ್ದು ಹಾಗೆಯೇ ಇತ್ತು. ಹೋಗಿದ್ದದ್ದು ಸೆಕೆಂಡರಿ ಕ್ಲಚ್‌ನ (ಎಂಜಿನ್ ಕಡೆಯಿಂದ ಬರುವ ಡ್ರೈವ್ ಬೆಲ್ಟ್ ತಿರುಗಿಸುವ ರಾಟೆಯ) ಹಿಂದೆ ಅಡಗಿ ಕುಳಿತಿದ್ದ ಜ್ಯಾಕ್ ಶಾಫ್ಟ್ ಬೇರಿಂಗ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

ಪರೀಕ್ಷೆಗೆ ಯಂತ್ರದ ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ಎತ್ತಿ, ಟ್ರ್ಯಾಕ್ ನೆಲಕ್ಕೆ ತಾಗದಂತೆ ನಿಲ್ಲಿಸಿ. ಕೀಲಿ ತೆಗೆದು ಡ್ರೈವ್ ಬೆಲ್ಟ್ ಬಿಚ್ಚಿ. ಎತ್ತಿದ ಟ್ರ್ಯಾಕನ್ನು ಎಂಜಿನ್‌ನಿಂದ ತಿರುಗಿಸಿ ಆಲಿಸುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ಟ್ರ್ಯಾಕ್‌ನಿಂದ ಸ್ಟಡ್ (ಹಿಡಿತಕ್ಕೆ ಹಾಕಿದ ಲೋಹದ ಮೊಳೆ) ಅಥವಾ ಕಲ್ಲು ಕಳಚಿ ಹಾರಿದರೆ ಹಿಂದೆ ನಿಂತವರ ಗತಿ ಹೇಳುವಂತಿಲ್ಲ. ಟ್ರ್ಯಾಕನ್ನು ಕೈಯಿಂದ ತಿರುಗಿಸಿದರೆ ಸಾಕು. ಉದ್ದನೆಯ ಸ್ಕ್ರೂ ಡ್ರೈವರ್‌ನ ಮೊನೆಯನ್ನು ಬೇರಿಂಗ್ ಕುಳಿತಿರುವ ಕವಚಕ್ಕೆ ಒತ್ತಿ ಹಿಡಿಕೆಗೆ ಕಿವಿ ಕೊಡಿ, ಇನ್ನೊಬ್ಬರು ಟ್ರ್ಯಾಕ್ ತಿರುಗಿಸಲಿ. ಒಳ್ಳೆಯ ಬೇರಿಂಗ್ ಮೆಲ್ಲನೆ ಸರಸರ ಎನ್ನುತ್ತದೆ. ಕೆಟ್ಟದ್ದು ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ ಕರಕರ ಎನ್ನುತ್ತದೆ. ಎರಡೂ ತುದಿಗಳನ್ನು, ಆಮೇಲೆ ಜ್ಯಾಕ್ ಶಾಫ್ಟನ್ನು ಹೀಗೆ ಕೇಳಿ ಹೋಲಿಸಿ.

ಆಮೇಲೆ ಟ್ರ್ಯಾಕ್ ಓಡುವ ಟನಲ್ ಒಳಗೆ ಕೈ ಹಾಕಿ, ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಟ್ರ್ಯಾಕ್ ಬಿಗಿಯಿದ್ದರೆ ಸಣ್ಣ ದೋಷ ಗೊತ್ತಾಗುವುದಿಲ್ಲ, ಆದ್ದರಿಂದ ಅದನ್ನು ಮೊದಲೇ ಸಡಿಲಿಸಿಕೊಳ್ಳಿ. 'ಟಕ್' ಎಂದು ಕೈಗೆ ತಟ್ಟಿದರೆ ಬೇರಿಂಗ್‌ನ ಕಥೆ ಮುಗಿದಿದೆ. ಎಡತುದಿಯಲ್ಲಿ ಬೇರಿಂಗ್‌ನಿಂದ ಕೆಳಕ್ಕೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿದ್ದರೂ, ರಬ್ಬರ್ ಸೀಲ್ ಉಬ್ಬಿ ಹೊರಬಂದಿದ್ದರೂ ಅರ್ಥ ಅದೇ. ಇನ್ನೊಂದು ತುದಿಯಲ್ಲಿ, ಚೈನ್‌ಕೇಸ್ (ಎಣ್ಣೆಯಲ್ಲಿ ಚೈನ್ ಓಡುವ ಪೆಟ್ಟಿಗೆ) ಕಡೆಯ ಬೇರಿಂಗ್ ಕಣ್ಣಿಗೆ ಕಾಣುವುದಿಲ್ಲ, ಅದರ ಸುದ್ದಿಯನ್ನು ಎಣ್ಣೆ ಹೇಳುತ್ತದೆ. ಆಯಸ್ಕಾಂತದ ಡ್ರೈನ್ ಪ್ಲಗ್ ಇದ್ದರೆ ಅದಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಸಹಜವಲ್ಲ.

ಇಷ್ಟು ಖಚಿತವಾದ ಮೇಲೆ ಮುಂದೂಡಬೇಡಿ. ಬೇರಿಂಗ್ ಒಡೆದರೆ ಶಾಫ್ಟ್ ಓರೆಯಾಗುತ್ತದೆ. ಆಗ ಟ್ರ್ಯಾಕ್ ಟನಲ್‌ನ ಅಲ್ಯೂಮಿನಿಯಮ್ಮನ್ನೂ ಕೂಲಂಟ್ ಹರಿಯುವ ಹೀಟ್ ಎಕ್ಸ್‌ಚೇಂಜರನ್ನೂ ಉಜ್ಜಿ ಹರಿಯಬಹುದು, ಓಟದ ನಡುವೆಯೇ ಜಾಮ್ ಆಗಲೂಬಹುದು.

ಕೆಲಸ ನೀವೇ ಮಾಡಬಹುದು. ಬೆಟ್ಟ ಅಗೆದು ಇಲಿ ಹಿಡಿದಂತೆ ಅನಿಸುತ್ತದೆ, ಅಷ್ಟೇ: ಅಂಗೈಯಗಲದ ಬೇರಿಂಗ್‌ಗಾಗಿ ಅರ್ಧ ಯಂತ್ರ ಬಿಚ್ಚಬೇಕು. ಚೈನ್‌ಕೇಸ್‌ನ ಎಣ್ಣೆ ಬಸಿದು, ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲಿಸಿ, ಎರಡೂ ಸ್ಪ್ರಾಕೆಟ್‌ಗಳನ್ನು (ಹಲ್ಲುಚಕ್ರಗಳನ್ನು) ಚೈನ್ ಸಮೇತ ಒಟ್ಟಿಗೆ ಎಳೆಯಿರಿ. ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂದು ಫೋಟೋ ತೆಗೆದಿಟ್ಟುಕೊಳ್ಳಿ, ನೆನಪನ್ನು ನಂಬಬೇಡಿ. ಆಮೇಲೆ ಸಸ್ಪೆನ್ಷನ್‌ನ ಬೋಲ್ಟ್‌ಗಳನ್ನು ಬಿಚ್ಚಿ ಹೊರತೆಗೆಯಿರಿ. ಯಂತ್ರವನ್ನು ಪಕ್ಕಕ್ಕೆ ವಾಲಿಸುವುದಾದರೆ ಪೆಟ್ರೋಲ್ ಮತ್ತು ಬ್ಯಾಟರಿಯ ಕಡೆ ಗಮನವಿರಲಿ. ಎಡತುದಿಯಲ್ಲಿ ವೇಗಮಾಪಕದ ಸೆನ್ಸರ್ ಇದ್ದರೆ ಅದನ್ನೂ ಬಿಚ್ಚಬೇಕು. ಹಲವು ಮಾದರಿಗಳಲ್ಲಿ ಇಲ್ಲಿ ಬೇರಿಂಗನ್ನು ಶಾಫ್ಟ್‌ಗೆ ಬಿಗಿದಿಡುವ ಲಾಕಿಂಗ್ ಕಾಲರ್ ಇರುತ್ತದೆ. ಅದರ ಸ್ಕ್ರೂ ಸಡಿಲಿಸಿ, ಶಾಫ್ಟ್ ಮುಂದಕ್ಕೆ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕಾಲರನ್ನು ತಟ್ಟಿದರೆ ಬಿಡುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಬೇರಿಂಗ್ ಬಿಗಿಯಾಗಿ ಒತ್ತಿ ಕೂರಿಸಿದ್ದು, ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕೇ ಬೇಕು.

ಹಳೆಯ ಬೇರಿಂಗ್ ಕೈಗೆ ಬಂದ ಕೂಡಲೇ ಬಿಸಾಡಬೇಡಿ. ಸೀಲ್ ಕಿತ್ತು ಒಳಗೆ ನೋಡಿ. ಗ್ರೀಸ್ ಕೆಂಪು ಕೆಸರಾಗಿದ್ದರೆ ನೀರು ಹೊಕ್ಕಿದೆ. ಬಹುಪಾಲು ಇದು ಪ್ರೆಷರ್ ವಾಷರ್‌ನ ಕೊಡುಗೆ, ಇಲ್ಲವೇ ಒದ್ದೆಯಾಗಿಯೇ ಬೇಸಿಗೆಯಿಡೀ ನಿಲ್ಲಿಸಿದ್ದರ ಫಲ. ಗುಂಡುಗಳು ನೀಲಿಗಟ್ಟಿದ್ದರೆ ವಿಪರೀತ ಬಿಸಿಯಾಗಿವೆ. ಗುಂಡು ಓಡುವ ದಾರಿಯಲ್ಲಿ ಸಮಾನ ಅಂತರದ ಕುಳಿಗಳಿದ್ದರೆ ಯಾರೋ ಹಿಂದೆ ಸುತ್ತಿಗೆಯಿಂದ ಹೊಡೆದು ಕೂರಿಸಿದ್ದಾರೆ ಎಂಬ ಅನುಮಾನ ಬರಲೇಬೇಕು. ಆ 'ಯಾರೋ' ನಾನೇ ಆಗಿದ್ದೂ ಉಂಟು.

ಶಾಫ್ಟನ್ನೂ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಬೇರಿಂಗ್ ಕುಳಿತಿದ್ದ ಜಾಗದಲ್ಲಿ ಉಗುರು ಎಡವುವಷ್ಟು ಮೆಟ್ಟಿಲು ಇದ್ದರೆ, ಬೇರಿಂಗ್‌ನ ಒಳಬಳೆ ಶಾಫ್ಟ್ ಮೇಲೆಯೇ ಜಾರಿ ತಿರುಗಿದೆ ಎಂದು ತಿಳಿಯಿರಿ. ಅಂಥ ಶಾಫ್ಟ್‌ಗೆ ಹೊಸ ಬೇರಿಂಗ್ ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಶಾಫ್ಟ್ ಬದಲಿಸಿ, ಇಲ್ಲವೇ ಲೇತ್ ಕೆಲಸ ಬಲ್ಲವರಿಂದ ಸರಿಪಡಿಸಿ. ಅಂಟು ಹಚ್ಚಿ ಸುಧಾರಿಸುವ ಉಪಾಯ ಗೀರಿನಷ್ಟು ಸವೆತಕ್ಕೆ ಸರಿ, ಮೆಟ್ಟಿಲಿಗೆ ಅಲ್ಲ.

ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆಯನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಈ ಜಾಗದಲ್ಲಿ ಆಗಾಗ ಕಾಣುವ 6205 ಎಂದರೆ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ದಪ್ಪ 15. '2ಆರ್‌ಎಸ್' ಎಂದರೆ ಎರಡೂ ಬದಿಗೆ ರಬ್ಬರ್ ಸೀಲ್, 'ಸಿ3' ಎಂದರೆ ಒಳಗೆ ಮಾಮೂಲಿಗಿಂತ ತುಸು ಹೆಚ್ಚು ಸಡಿಲ. ಕಾಲರ್ ಇರುವ ಬೇರಿಂಗ್‌ನ ಒಳಬಳೆ ಅಗಲವಾಗಿರುತ್ತದೆ, ಆದ್ದರಿಂದ ಬರೀ ಅಳತೆ ನೋಡಿ ಮೋಸಹೋಗಬೇಡಿ. ಎರಡೂ ತುದಿಯ ಬೇರಿಂಗ್‌ಗಳನ್ನೂ, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಉಳಿಸಿದರೆ ಮುಂದಿನ ಚಳಿಗಾಲಕ್ಕೆ ಇದೇ ಕೆಲಸ ಮತ್ತೆ.

ಕೂರಿಸುವಾಗ ನಿಯಮ ಒಂದೇ: ಬಿಗಿಯಾಗಿ ಕೂರಬೇಕಾದ ಬಳೆಯನ್ನೇ ಒತ್ತಬೇಕು. ಶಾಫ್ಟ್ ಮೇಲೇರಿಸುವಾಗ ಒಳಬಳೆ, ಕವಚದೊಳಗೆ ಇಳಿಸುವಾಗ ಹೊರಬಳೆ. ತಪ್ಪು ಬಳೆಯನ್ನು ಒತ್ತಿದರೆ ಅಷ್ಟೂ ಬಲ ಗುಂಡುಗಳ ಮೂಲಕ ಹಾಯ್ದು, ಹೊಸ ಬೇರಿಂಗ್ ಹುಟ್ಟುವಾಗಲೇ ಕುಳಿ ಹೊತ್ತುಕೊಳ್ಳುತ್ತದೆ. ಕವಚಕ್ಕೆ ಇಳಿಸುವುದಾದರೆ ಬೇರಿಂಗನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಶಾಫ್ಟ್‌ಗೆ ಏರಿಸುವುದಾದರೆ ಬಿಸಿ ಮಾಡಿ, ಆದರೆ ಸೀಲ್ ಇರುವುದನ್ನು 80 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಆಯಿಲ್ ಸೀಲ್‌ನ ತುಟಿ ಎಣ್ಣೆಯ ಕಡೆಗಿರಲಿ, ತುಟಿಗೆ ಒಂದಿಷ್ಟು ಗ್ರೀಸ್ ಸವರಿ.

ಎಡಗಡೆಯ ಕಾಲರನ್ನು ಮಾತ್ರ ಅವಸರದಿಂದ ಬಿಗಿಯಬೇಡಿ. ಮೊದಲು ಚೈನ್‌ಕೇಸ್ ಕಡೆಯ ಸ್ಪ್ರಾಕೆಟನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ತನ್ನಿ. ಶಾಫ್ಟ್ ತನ್ನ ಜಾಗದಲ್ಲಿ ನೆಲೆಯಾದ ಮೇಲೆ ಕಾಲರನ್ನು ಮುಂದಕ್ಕೆ ತಿರುಗುವ ದಿಕ್ಕಿಗೆ ತಟ್ಟಿ ಸ್ಕ್ರೂ ಬಿಗಿಯಿರಿ. ಮೊದಲೇ ಬಿಗಿದರೆ ಎರಡು ಬೇರಿಂಗ್‌ಗಳೂ ಪಕ್ಕಕ್ಕೆ ಎಳೆದಾಡಿಕೊಂಡೇ ತಿರುಗಬೇಕಾಗುತ್ತದೆ.

ಚೈನ್ ಮತ್ತು ಟ್ರ್ಯಾಕ್‌ಗಳ ಬಿಗಿತ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಿ. ಹೊಸ ಎಣ್ಣೆ ತುಂಬಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ, ಎಡತುದಿಯ ಕವಚಕ್ಕೆ ಮೊದಲು ಬೆರಳ ತುದಿ ತಾಗಿಸಿ, ಆಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಕಾಲರ್ ಸಡಿಲಿಸಿ, ಶಾಫ್ಟ್ ನೆಲೆಯಾಗಲು ಬಿಟ್ಟು ಮತ್ತೆ ಬಿಗಿಯಿರಿ.